ಮೂವತ್ತು ಸೆಕೆಂಡಿನ ಕುಕ್ಕರ್

ನನ್ನ ದನಿಯನ್ನು ನಾನು ಮೊದಲ ಸಲ ಕೇಳಿದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಮೊಬೈಲಿನಿಂದ ಬಂದ ಆ ದನಿ, ಮೂಗಿಗೆ ಹತ್ತಿ ತುರುಕಿಕೊಂಡವರ ದನಿಯಂತಿತ್ತು. ಇವನ್ಯಾರು ಎಂದು ಹೆಂಡತಿ ಗಿರಿಜೆಯನ್ನು ಕೇಳಿದೆ. "ನೀವ ರೀ. ದಿನಾ ಹಿಂಗ ಮಾತಾಡ್ತೀರಿ, ನಾವು ಕೇಳ್ಕೊಂತ ಬಂದೀವಿ" ಎಂದಳು. ಇಂಥ ದನಿಯವನ ಜೊತೆ ಇಷ್ಟು ವರ್ಷ ನಗುಮುಖದಿಂದ ಮಾತಾಡಿದ ಮಾನ್ವಿಯ ಜನರ ಮೇಲೆ ಅಂದು ನನಗೆ ಗೌರವ ಹೆಚ್ಚಾಯಿತು.

ಮಾನ್ವಿ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಕುಕ್ಕರ್, ಮಿಕ್ಸಿ, ಗ್ಯಾಸ್ ಒಲೆ ರಿಪೇರಿ ಅಂಗಡಿ. ಎದುರಿಗೆ ದೊಡ್ಡ ಅಂಗಡಿಯೊಂದು ಬಂದು, ಹಳೆಯ ಕುಕ್ಕರ್ ಕೊಟ್ಟು ಹೊಸದನ್ನು ಒಯ್ಯಿರಿ ಎಂದು ಕೂಗಲು ಶುರುಮಾಡಿದ ಮೇಲೆ ನನ್ನ ಅಂಗಡಿಗೆ ಗಿರಾಕಿಗಳು ತಪ್ಪಿದರು. ಗಿರಿಜೆ ನನ್ನನ್ನು ರಾಯಚೂರಿಗೆ ಎಳೆದೊಯ್ದಳು. ಅಲ್ಲೊಬ್ಬರು, ಚಿಕ್ಕ ವ್ಯಾಪಾರಿಗಳು ಮೊಬೈಲಿನಲ್ಲಿ ಹೆಸರು ಮಾಡುವುದು ಹೇಗೆಂದು ಒಂದು ದಿನದ ಪಾಠ ಹೇಳುತ್ತಿದ್ದರು. ದಿನಕ್ಕೊಂದು ಕಂಟೆಂಟ್, ಅಂದರೆ ವಿಡಿಯೋ, ಹಾಕಬೇಕಂತೆ, ತಪ್ಪಿಸಬಾರದಂತೆ. ನನಗೆ ಹಲ್ಲುಜ್ಜುವುದೊಂದನ್ನು ಬಿಟ್ಟು ಬೇರೆ ಯಾವ ನೇಮವೂ ಇರಲಿಲ್ಲ. ಮೂವತ್ತು ಸೆಕೆಂಡಿನ ಮೇಲೆ ಯಾರೂ ನೋಡುವುದಿಲ್ಲ ಎಂದೂ ಅವರು ಹೇಳಿದರು. ಆ ಮಾತು ಹೇಳುವುದಕ್ಕೆ ಅವರು ತೆಗೆದುಕೊಂಡದ್ದು ಮೂರು ತಾಸು.

ಮೊದಲ ತಿಂಗಳು ನನ್ನ ವಿಡಿಯೋಗಳನ್ನು ನೋಡಿದವರು ಇಬ್ಬರು. ಒಬ್ಬಳು ಗಿರಿಜೆಯ ತಂಗಿ. ಇನ್ನೊಬ್ಬ ಪಕ್ಕದ ಬಳೆ ಅಂಗಡಿಯ ಮಹಬೂಬ್. ಅವನಿಗೆ ಅದೇ ದೃಶ್ಯ ಅಂಗಡಿಯ ಬಾಗಿಲಲ್ಲೇ ಪುಕ್ಕಟೆ ಸಿಗುತ್ತಿತ್ತು. ಆದರೂ ಬಿಡಲಿಲ್ಲ. ಗಿರಿಜೆ ಮೊಬೈಲ್ ಹಿಡಿಯುವಳು, ನಾನು ಸೀಟಿ ಕೂಗದ ಕುಕ್ಕರಿನ ಬಗ್ಗೆ, ಸಡಿಲಾದ ರಬ್ಬರ್ ರಿಂಗಿನ ಬಗ್ಗೆ, ಹಿಡಿಕೆಯ ಸ್ಕ್ರೂವಿನ ಬಗ್ಗೆ ಹೇಳುವೆನು. ಆಮೇಲೆ ಕೂತು ಮೂವತ್ತು ಸೆಕೆಂಡಿಗೆ ಕತ್ತರಿಸುವುದು ನನ್ನ ಕೆಲಸ. ಹೆಬ್ಬೆರಳು ಸರಿಸಿದರೆ ಮಾತು ಅಲ್ಲಿಗೇ ತುಂಡು. ಈ ಕತ್ತರಿ ಕೆಲಸದಲ್ಲಿ ನಾನು ಪಳಗಿದೆ ಎಂದು ನನಗೇ ಅನ್ನಿಸಿತ್ತು.

ಮೂರನೆಯ ತಿಂಗಳು, ಏನಾಯಿತೋ ತಿಳಿಯದು, ಜನ ನೋಡತೊಡಗಿದರು. ತರಕಾರಿ ಮಾರುಕಟ್ಟೆಯಲ್ಲಿ ಹೆಂಗಸೊಬ್ಬರು ಬದನೆಕಾಯಿ ಆರಿಸುವುದನ್ನು ಬಿಟ್ಟು, "ಕುಕ್ಕರ್ ಅಣ್ಣಾರಲ್ಲೇನ್ರಿ ನೀವು?" ಎಂದು ಕೇಳಿದರು. ಬಾಗಲವಾಡದಿಂದ ಒಂದೇ ದಿನ ಐದು ಕುಕ್ಕರ್ ಬಂದವು. ನಾನು ಅಂಗಡಿಗೆ ಇಸ್ತ್ರಿ ಅಂಗಿ ತೊಡತೊಡಗಿದೆ. ಗ್ರೀಸ್ ಮೆತ್ತಿದ ಅಂಗಿಗಳನ್ನು ಒಗೆಯುವಾಗ ಗಿರಿಜೆ ನನ್ನ ಕೀರ್ತಿಯ ಬಗ್ಗೆ ಬೇರೆಯೇ ಅಭಿಪ್ರಾಯ ಹೇಳುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ನಾಷ್ಟಾದ ತಟ್ಟೆಯ ಪಕ್ಕದಲ್ಲಿ ಮೊಬೈಲ್ ಇಟ್ಟು, "ನಿಮಗ ಯಾರೋ ಫೋಟೋ ಕಳಿಸ್ಯಾರ, ನೋಡ್ರಿ" ಎಂದಳು. ಕಳಿಸಿದವರ ಹೆಸರು ಶರಣಮ್ಮ, ಅರಕೇರಾ ಎಂದಿತ್ತು. 'ಅಣ್ಣಾರ, ನೀವು ಹೇಳಿದಂಗ ಮಾಡೀನಿ. ಛಂದ ನಡ್ಯಾಕತ್ತದ.' ಕೆಳಗೆ ಒಂದು ಕುಕ್ಕರಿನ ಚಿತ್ರ. ಮುಚ್ಚಳದಲ್ಲಿ ಸೇಫ್ಟಿ ವಾಲ್ವ್ ಇರಬೇಕಾದ ತೂತಿನಲ್ಲಿ ಒಂದು ನಟ್‌ಬೋಲ್ಟ್ ಬಿಗಿದಿತ್ತು.

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಕುಕ್ಕರಿನ ಸೀಟಿ ಕಟ್ಟಿಕೊಂಡಾಗ ಒಳಗಿನ ಉಗಿಗೆ ಹೊರಬೀಳಲು ಇರುವುದು ಆ ವಾಲ್ವ್ ಒಂದೇ. ಅದನ್ನು ಬೋಲ್ಟಿನಿಂದ ಮುಚ್ಚಿದರೆ ಒಲೆಯ ಮೇಲೆ ಬಾಂಬ್ ಇಟ್ಟ ಹಾಗೆ. ನಾನು ಹೀಗೆ ಹೇಳಿಯೇ ಇಲ್ಲ ಎಂದು ಗಿರಿಜೆಗೆ ಆಣೆ ಮಾಡಿದೆ. ಅವಳು ಆ ದಿನದ ವಿಡಿಯೋ ಹಾಕಿ ತೋರಿಸಿದಳು. ಇಸ್ತ್ರಿ ಅಂಗಿ ತೊಟ್ಟ ನಾನು, ಮುಗುಳ್ನಗುತ್ತ ಹೇಳುತ್ತಿದ್ದೆ: "ಸೇಫ್ಟಿ ವಾಲ್ವ್ ಹೋದ್ರ, ಆ ತೂತಿಗೆ ಒಂದು ನಟ್‌ಬೋಲ್ಟ್ ಹಾಕಿ ಬಿಗದ್ರ ಸಾಕು, ಕುಕ್ಕರ್ ನಡೀತದ." ಅಲ್ಲಿಗೆ ಮೂವತ್ತು ಸೆಕೆಂಡ್ ಮುಗಿದಿತ್ತು.

ನಾನು ಆಡಿದ್ದ ಪೂರ್ತಿ ಮಾತು, "ನಟ್‌ಬೋಲ್ಟ್ ಹಾಕಿ ಬಿಗದ್ರ ಸಾಕು, ಕುಕ್ಕರ್ ನಡೀತದ ಅಂತ ಭಾಳ ಮಂದಿ ತಿಳ್ಕೊಂಡಾರ, ಹಂಗ ಮಾಡಬ್ಯಾಡ್ರಿ, ಜೀವಕ್ಕ ಕುತ್ತು" ಎಂದಿತ್ತು. ನಮ್ಮ ಕನ್ನಡದ ಸ್ವಭಾವವನ್ನು ಅಂದು ನಾನು ಮೊದಲ ಸಲ ಕಣ್ಣಾರೆ ಕಂಡೆ. ಇಲ್ಲ, ಅಲ್ಲ, ಬೇಡ, ಕೂಡದು, ಎಲ್ಲವೂ ನಮ್ಮಲ್ಲಿ ಬಾಲದಲ್ಲಿ ಬರುತ್ತವೆ. ಶಾಲೆಯಲ್ಲಿ ವ್ಯಾಕರಣದ ಮಾಸ್ತರರು ಕ್ರಿಯಾಪದ ಕೊನೆಗೆ ಬರುತ್ತದೆ ಎಂದು ಹೇಳಿದಾಗ, ಅದರಿಂದ ಒಬ್ಬರ ಜೀವ ಹೋದೀತೆಂದು ಅವರೂ ಅಂದುಕೊಂಡಿರಲಿಕ್ಕಿಲ್ಲ.

ವಿಡಿಯೋ ಅಳಿಸಿದೆ. ಶರಣಮ್ಮನಿಗೆ ಬರೆದೆ, ಆಕೆ ನೋಡಲಿಲ್ಲ. ನಂಬರು ಗೊತ್ತಿಲ್ಲ. ಮಹಬೂಬ್ ಸಂತೆಯ ದಿನ ಅರಕೇರಾಕ್ಕೆ ಬಳೆ ಮಾರಲು ಹೋಗುವವನು. ಹೆಸರು ಕೇಳಿದವನೇ, "ಹೊಲಿಗಿ ಮಷಿನ್ ಶರಣಮ್ಮ ಇರಬೇಕು. ಮನಿ ನಂಗೊತ್ತು. ನಡೀರಿ ಭಾಯ್" ಎಂದು ಅಂಗಡಿಯ ಬಾಗಿಲು ಎಳೆದ. ಚೀಲಕ್ಕೆ ಪಾನಾ, ಒಂದಿಷ್ಟು ಹೊಸ ವಾಲ್ವ್ ಹಾಕಿಕೊಂಡು ದೇವದುರ್ಗದ ಬಸ್ ಹತ್ತಿದೆವು. ದಾರಿಯಲ್ಲಿ ಅವನು ಒಂದೇ ಮಾತು ಕೇಳಿದ: "ಅನ್ನಕ್ಕ ಎಷ್ಟೊತ್ತಿಗೆ ಇಡ್ತಾರ್ರಿ ಈ ಕಡೆ?" ಗದ್ದೆ ಮುಗಿದು ಬೆದ್ದಲು ಬಂದದ್ದೂ ನನಗೆ ತಿಳಿಯಲಿಲ್ಲ.

ನಾವು ಹೋದಾಗ ಶರಣಮ್ಮ ಹೊಸಿಲ ಬಳಿ ಕೂತು ಕುಪ್ಪಸ ಹೊಲಿಯುತ್ತಿದ್ದರು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಹಿಂದೆ ಅಡುಗೆಮನೆಯಲ್ಲಿ ಕುಕ್ಕರ್ ಒಲೆಯ ಮೇಲಿತ್ತು. ಸೀಟಿ ಕೂಗದೆ ಒಂದೇ ಸಮ ಸುಯ್ಯೆನ್ನುತ್ತಿತ್ತು. ನಾನು ಚಪ್ಪಲಿ ಸಮೇತ ಒಳಗೆ ನುಗ್ಗಿ ಗ್ಯಾಸ್ ಆರಿಸಿದೆ. ಮನೆಯಲ್ಲಿದ್ದವರನ್ನೆಲ್ಲ ಅಂಗಳಕ್ಕೆ ಕಳಿಸಿದೆ. ಕುಕ್ಕರ್ ತಣ್ಣಗಾಗುವವರೆಗೆ ಯಾರನ್ನೂ ಒಳಗೆ ಬಿಡಲಿಲ್ಲ.

ಮುಚ್ಚಳ ತೆಗೆದು ನೋಡಿದರೆ ಸೀಟಿಯ ಕೊಳವೆಗೆ ಬೇಳೆ ಮೆತ್ತಿ ಮುಕ್ಕಾಲು ಮುಚ್ಚಿತ್ತು. ಹೆದರಿಕೆ ಸಿಟ್ಟಾಗಿ ಹೊರಬಿತ್ತು.

"ಬೋಲ್ಟ್ ಯಾಕ ಹಾಕಿದ್ರೀ ಯವ್ವಾ?"

"ನೀವ ಹೇಳೀರಲ್ರೀ ಅಣ್ಣಾರ" ಎಂದರು ಶರಣಮ್ಮ, ಕಣ್ಣು ಮಿಟುಕಿಸದೆ. "ಆರು ಸಲ ನೋಡಿ ಮಾಡೀನಿ."

ನನ್ನ ಜೀವಮಾನದಲ್ಲಿ ಯಾರೂ ನನ್ನ ಮಾತನ್ನು ಆರು ಸಲ ಕೇಳಿರಲಿಲ್ಲ. ನೋಡಿದವರ ಲೆಕ್ಕ ಏರುವುದನ್ನು ದಿನವೂ ಸಂಭ್ರಮದಿಂದ ನೋಡುತ್ತಿದ್ದವನಿಗೆ, ಆ ಒಂದೊಂದು ಅಂಕಿಯ ಹಿಂದೆ ಒಂದು ಅಡುಗೆಮನೆ ಇದೆ, ಒಲೆಯ ಮುಂದೆ ಒಬ್ಬರು ನನ್ನನ್ನು ನಂಬಿ ನಿಂತಿದ್ದಾರೆ ಎಂಬುದು ಹೊಳೆದೇ ಇರಲಿಲ್ಲ. "ತಪ್ಪು ನಂದೈತ್ರಿ" ಎಂದೆ. ಮಾತು ಎಲ್ಲಿ ತುಂಡಾಯಿತೆಂದು ವಿವರಿಸಿದೆ. ಹೊಸ ವಾಲ್ವ್ ಹಾಕಿ ಕೊಟ್ಟೆ.

ಅವರು ಬೈಯುತ್ತಾರೆಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಬೋಲ್ಟನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, "ಓಣ್ಯಾಗ ಇನ್ನೂ ಮೂರು ಮಂದಿಗೆ ನಾನ ಹೇಳಿ ಹಾಕಿಸೀನಿ, ಬರ್ರಿ" ಎಂದು ಎದ್ದರು. ನಾನು ಚೀಲ ಎತ್ತಿಕೊಂಡೆ. ಅವರು ಮುಂದೆ, ನಾನು ಹಿಂದೆ, ನನ್ನ ಹಿಂದೆ ಮಹಬೂಬ್. ಮೂರು ಮನೆ ಎಂದದ್ದು ಐದಾಯಿತು. ಪ್ರತಿ ಮನೆಯಲ್ಲೂ ಶರಣಮ್ಮನೇ, "ನಾನು ಹೇಳಿದ್ದು ಅರ್ಧಾ ಇತ್ತು, ಇಕಾ, ಅಣ್ಣಾರು ಪೂರಾ ಮಾಡಾಕ ಬಂದಾರ" ಎಂದು ಶುರುಮಾಡುತ್ತಿದ್ದರು. ನನ್ನ ತಪ್ಪಿನ ಅರ್ಧವನ್ನು ಅವರು ಅಷ್ಟು ಸಲೀಸಾಗಿ ಹೊತ್ತುಕೊಂಡದ್ದು ನನಗೆ ಬೋಲ್ಟಿಗಿಂತ ದೊಡ್ಡ ಆಘಾತ.

ಮರುದಿನ ಕ್ಷಮೆ ಕೇಳಿ ಎರಡೂವರೆ ನಿಮಿಷದ ವಿಡಿಯೋ ಹಾಕಿದೆ. ಪಾಠ ಹೇಳಿದವರ ಮಾತು ನಿಜವಾಯಿತು, ಬಹಳ ಜನ ನೋಡಲಿಲ್ಲ. ಹಳೆಯದು ಅಳಿಸಿದ ಮೇಲೂ ಯಾರ ಯಾರದೋ ಮೊಬೈಲಿನಲ್ಲಿ ಉಳಿದುಕೊಂಡು ಇಂದಿಗೂ ಊರೂರು ತಿರುಗುತ್ತಿದೆ. ಅದಕ್ಕೇ ಕುಕ್ಕರ್ ಯಾವ ಕೆಲಸಕ್ಕೆ ಬಂದರೂ ನಾನು ಮೊದಲು ಮುಟ್ಟಿ ನೋಡುವುದು ಆ ತೂತನ್ನು. ಈವರೆಗೆ ಎರಡು ಬೋಲ್ಟ್ ಸಿಕ್ಕಿವೆ.

ದಿನಕ್ಕೊಂದು ಹಾಕುವುದನ್ನು ನಿಲ್ಲಿಸಿಲ್ಲ. ಆದರೆ ಈಗ 'ಮಾಡಬ್ಯಾಡ್ರಿ' ಎಂದೇ ಶುರುಮಾಡುತ್ತೇನೆ. ಏನು ಮಾಡಬಾರದು ಎಂಬುದು ತಿಳಿಯದೆ ಜನ ಕೊನೆಯವರೆಗೂ ಕಾಯುತ್ತಾರೆ, ಇದನ್ನು ರಾಯಚೂರಿನ ಪಾಠದಲ್ಲಿ ಹೇಳಿರಲಿಲ್ಲ. ಹಾಕುವ ಮುಂಚೆ ಗಿರಿಜೆ ಒಮ್ಮೆ ಕೂತು, ತುದಿಯಿಂದ ತುದಿಯವರೆಗೆ ಕೇಳಿ ಹೂಂ ಅನ್ನಬೇಕೆಂದು ನಿಯಮ ಮಾಡಿಕೊಂಡಿದ್ದೇವೆ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳು ನನ್ನ ಮಾತನ್ನು ನಡುವೆ ತುಂಡರಿಸದೆ ಕೇಳುತ್ತಿರುವುದು ಇದೇ ಮೊದಲು. ಅವಳು ಹೂಂ ಅನ್ನುವವರೆಗೆ, ನಾನು ಏನು ಹೇಳಿದ್ದೇನೆಂದು ನಾನೂ ಗಮನವಿಟ್ಟು ಕೇಳುತ್ತೇನೆ.