ಅವ್ವ ಹೊಲಿದ ಶಾಸ್ತ್ರ

“ಆಧಾರ ಕೊಡಿ!”

ಹೋದ ವಾರ ಫೇಸ್‌ಬುಕ್ಕಿನಲ್ಲಿ ಒಬ್ಬ ಮಹಾಶಯರು ಹೀಗೆ ಗುಡುಗಿದರು. ಗುಡುಗಿದ್ದು ನನ್ನ ಮೇಲಲ್ಲ, ಒಂದು ಕೌದಿಯ ಮೇಲೆ.

ಆಗಿದ್ದು ಇಷ್ಟು. ಕೊಪ್ಪಳದ ಪಕ್ಕದ ಭಾಗ್ಯನಗರದ ಒಬ್ಬ ಹೆಣ್ಣುಮಗಳು (ನನಗೆ ಪರಿಚಯವಿಲ್ಲ) ಒಂದು ಫೋಟೋ ಹಾಕಿದ್ದಳು. ಮಗಳು ಯೂನಿವರ್ಸಿಟಿಗೆ ಹೊರಟು ನಿಂತಿದ್ದಾಳೆ. ಪಕ್ಕದಲ್ಲಿ ಮಡಚಿಟ್ಟ ಹೊಸ ಕೌದಿ. ಕೆಳಗೆ ಹೀಗೆ ಬರೆದಿದ್ದಳು: “ಯಾರ ಹೆಸರಲ್ಲಿ ಕೌದಿಯ ಹೊಟ್ಟೆ ಮುಚ್ಚುತ್ತೇವೋ ಆ ಹುಡುಗಿಯನ್ನು ಹೊಸ್ತಿಲೊಳಗೆ ತಡೆಯಬಾರದು. ಇದು ನಮ್ಮ ಕಡೆಯ ಪುರಾತನ ಸಂಪ್ರದಾಯ.”

ಪುರಾತನ!

ನಾನು ಚಹಾ ಕುಡಿಯುತ್ತಿದ್ದೆ. ಚಹಾ ಮೂಗಿಗೇರಿತು.

ಯಾಕೆಂದರೆ ಆ ಪುರಾತನ ಸಂಪ್ರದಾಯ ಹುಟ್ಟುವಾಗ ನಾನು ಅಲ್ಲೇ ಕೂತಿದ್ದೆ. ಅದು ಹುಟ್ಟಿದ್ದು ಯಲಬುರ್ಗಾದ ನಮ್ಮ ಮನೆಯ ಕಟ್ಟೆಯ ಮೇಲೆ, ಎಂಬತ್ತರ ದಶಕದ ಒಂದು ಮಧ್ಯಾಹ್ನ, ನನ್ನ ಅವ್ವನ ಬಾಯಿಂದ. ಸುಖಪ್ರಸವ. ಸೂಲಗಿತ್ತಿ ಓಣಿಯ ಗಿರಿಜವ್ವ.

ಬಿಡಿಸಿ ಹೇಳುತ್ತೇನೆ.

ನಾನು ಆಗಷ್ಟೇ ಪಿಯುಸಿ ಪಾಸಾಗಿದ್ದೆ, ಸೈನ್ಸ್‌ನಲ್ಲಿ. ಮುಂದೆ ಓದಬೇಕೆಂದರೆ ಧಾರವಾಡ. ಸೀಟು ಸಿಕ್ಕಿತ್ತು, ಹಾಸ್ಟೆಲ್ ಸಿಕ್ಕಿತ್ತು. ಸಿಗದೆ ಉಳಿದದ್ದು ಒಂದೇ, ದೊಡ್ಡಪ್ಪನ ಒಪ್ಪಿಗೆ.

ನಮ್ಮದು ಕೂಡುಕುಟುಂಬ. ಹೊಲ, ಎತ್ತು, ಮಾತು, ಮೂರೂ ದೊಡ್ಡಪ್ಪನದು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಅಲ್ಲಿ ಊರ ಮಂದಿಯ ಅರ್ಜಿಗೆಲ್ಲ ಷರಾ ಬರೆಯುತ್ತಿದ್ದವನು, ಮನೆಯಲ್ಲಿ ಅಣ್ಣನ ಮುಂದೆ ತುಟಿ ಬಿಚ್ಚುತ್ತಿರಲಿಲ್ಲ. ಧಾರವಾಡದ ಮಾತು ತೆಗೆದಾಗಲೆಲ್ಲ ದೊಡ್ಡಪ್ಪ “ನೋಡೂನು” ಅನ್ನುತ್ತಿದ್ದ. ಆತ ಹಾಗೆಂದ ಯಾವ ಕೆಲಸವನ್ನೂ ಮುಂದೆ ಯಾರೂ ನೋಡಿದ್ದಿಲ್ಲ.

ಇನ್ನೊಂದು ಕಡೆ ಹನುಮಸಾಗರದಲ್ಲಿ ನನ್ನ ಸೋದರಮಾವ ಕಾಯುತ್ತಿದ್ದ. ಅವ್ವನ ಸ್ವಂತ ತಮ್ಮ. ಕಿರಾಣಿ ಅಂಗಡಿ ಇಟ್ಟಿದ್ದ, ಒಳ್ಳೆಯ ಮನುಷ್ಯ. ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದವನು, ಮೂಗು ಒರೆಸಿದವನು. ಮೂಗು ಒರೆಸಿದವನ ಕೈಯಿಂದಲೇ ತಾಳಿ ಕಟ್ಟಿಸಿಕೊಳ್ಳಬೇಕು ಅಂದರೆ ಹೇಗಿರುತ್ತದೆ, ನೀವೇ ಹೇಳಿ. ಆದರೆ ಅಕ್ಕನ ಮಗಳು ತಮ್ಮನಿಗೆ ಎನ್ನುವುದು ನಾನು ಹುಟ್ಟಿದ ದಿನವೇ ಗಟ್ಟಿಯಾದ ಮಾತು. ಅದನ್ನು ಯಾರೂ ನನಗೆ ಹೇಳಿರಲೂ ಇಲ್ಲ. ಹೇಳಬೇಕಾಗಿಯೇ ಇರಲಿಲ್ಲವಲ್ಲ!

ಕಾಲೇಜು ಶುರುವಾಗುವ ದಿನ ಹತ್ತಿರ ಬಂತು. ನಾನು ಮೂಲೆಯಲ್ಲಿ ಕೂತು ಅಳುತ್ತಿದ್ದೆ. ಅವ್ವ ಒಂದು ದಿನ ನೋಡಿದಳು, ಎರಡು ದಿನ ನೋಡಿದಳು. ಮೂರನೆಯ ದಿನ ಅಟ್ಟದಿಂದ ಹಳೆ ಸೀರೆಯ ಗಂಟು ಇಳಿಸಿ ನನ್ನ ಮುಂದೆ ಎಸೆದಳು.

“ಅಳೂದ ಬಿಟ್ಟು ಇದನ್ನ ಬಿಚ್ಚು. ಧಾರವಾಡದಾಗ ಮಳಿ ಭಾಳ, ಥಂಡಿ ಭಾಳ. ಕೌದಿ ಬೇಕು.”

“ದೊಡ್ಡಪ್ಪ ಎಲ್ಲಿ ಕಳಸ್ತಾನವಾ?”

“ದೊಡ್ಡಪ್ಪ ಕೌದಿ ಹೊಲೀತಾನೇನು? ಹೊಲಿಯೂದು ನಾನು. ನೀ ಬಿಚ್ಚು.”

ಕೌದಿ ಗೊತ್ತಲ್ಲ? ಹಳೆ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಒತ್ತೊತ್ತಾಗಿ ಕೈಹೊಲಿಗೆ ಹಾಕಿ ಮಾಡುವ ಹೊದಿಕೆ. ನಮ್ಮ ಕಡೆ ಕೌದಿಗೆ ಹೊಟ್ಟೆ ಇರುತ್ತದೆ. ನಾಲ್ಕೂ ಅಂಚಿನಿಂದ ಹೊಲಿಯುತ್ತ ಬಂದು ನಟ್ಟನಡುವೆ ಅಂಗೈಯಗಲ ಜಾಗ ಬಿಡುತ್ತಾರೆ. ಕೊನೆಯ ದಿನ ಹೋಳಿಗೆ ಮಾಡಿ, ಅದರದೊಂದು ಚೂರನ್ನು ಅಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ ಹೊಲಿಯುತ್ತಾರೆ. ಹಸಿದ ಕೌದಿ ಹೊದೆಯಬಾರದು ಅಂತ. (ಇಷ್ಟು ಮಾತ್ರ ನಿಜಕ್ಕೂ ಹಳೆಯದು. ಮಹಾಶಯರು ಗಮನಿಸಬೇಕು.)

ಸಾಮಾನ್ಯವಾಗಿ ಪಡಸಾಲೆಯಲ್ಲಿ ಹೊಲಿಯುವ ಕೌದಿಯನ್ನು ಅವ್ವ ಬೇಕೆಂದೇ ಹೊರಗೆ ಕಟ್ಟೆಯ ಮೇಲೆ ಹಾಸಿದಳು. ಓಣಿಗೆ ಓಣಿಯೇ ಕಾಣುವ ಹಾಗೆ. ಕೌದಿ ಕಂಡರೆ ನಮ್ಮ ಹೆಂಗಸರ ಕೈ ಸುಮ್ಮನಿರುವುದಿಲ್ಲ. ಬಂದವರು ಕೂರುತ್ತಾರೆ, ಕೂತವರು ಒಂದು ಮೂಲೆ ಹಿಡಿಯುತ್ತಾರೆ, ಬಾಯಿ ಒಂದು ಕಡೆ, ಸೂಜಿ ಒಂದು ಕಡೆ.

ಮೊದಲು ಬಂದವಳು ಗಿರಿಜವ್ವ. ಆಕೆ ಕೈ ಹಚ್ಚದೆ ನಮ್ಮ ಓಣಿಯಲ್ಲಿ ಒಂದು ಕೌದಿಯೂ ಮುಗಿದಿರಲಿಲ್ಲ. ಬಾಯಲ್ಲಿ ಸದಾ ಎಲೆಯಡಿಕೆ, ಮಾತಿನಲ್ಲಿ ಸದಾ ಸುಣ್ಣ.

“ಯಾರಿಗವಾ ಕೌದಿ? ಸುಮಿ ಮದುವಿ ಗಟ್ಟಿ ಆತೇನು?”

“ಮದುವಿ ಅಲ್ಲ. ಧಾರವಾಡಕ್ಕ ಓದಾಕ ಹೊಂಟಾಳ.”

“ಓದಾಕ ಹೋಗೋರಿಗೆ ಕೌದಿ ಯಾಕ? ಪುಸ್ತಕ ಹೊಚ್ಚಿಗೊಂಡು ಮಕ್ಕೊಳ್ಳಲಿ!”

ಎಲ್ಲರೂ ನಕ್ಕರು. ನಗುತ್ತಲೇ ಸೂಜಿಗೆ ದಾರ ಪೋಣಿಸಿದರು. ತಪ್ಪು ತಿಳಿಯಬೇಡಿ, ಆ ಹೆಂಗಸರು ಯಾರೂ ನನ್ನ ಪರವಾಗಿರಲಿಲ್ಲ. ಎದುರಿಗೇ ಕೂತು ನನ್ನನ್ನು ಹರಿದು ಹಾಕಿದರು.

“ಹದಿನೆಂಟಕ್ಕ ಬಂದ ಹುಡುಗಿ. ಓದಿ ಏನ್ ಕಲೆಕ್ಟರ್ ಆಗ್ತಾಳ?”

“ಆದ್ರ ಆಗ್ಲಿ ಬಿಡವಾ, ನಿಮ್ಮ ಅತ್ತಿನ್ನ ಮೊದಲ ಒಳಗ ಹಾಕಿಸ್ತಾಳ.”

“ರೊಟ್ಟಿ ಬಡಿಯಾಕ ಬರ್ತೈತೇನ ಸುಮಿ? ಇಲ್ಲಾ ಅದಕ್ಕೂ ಧಾರವಾಡಕ್ಕ ಹೋಗಬೇಕೋ?”

ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಅವ್ವ ತಲೆ ಎತ್ತದೆ ಹೊಲಿಯುತ್ತಿದ್ದಳು. ಮಧ್ಯೆ ಒಮ್ಮೆ ಟ್ರಂಕು ತೆಗೆದು ತನ್ನ ಮದುವೆಯ ಸೀರೆ ತಂದಳು. ಕತ್ತರಿಯನ್ನು ಸೀದಾ ಸೆರಗಿಗೆ ಇಟ್ಟಳು. ಹೆಂಗಸರು ಹೌಹಾರಿದರು.

“ಅಯ್ಯ ಇವ್ಳ! ಧಾರೀ ಸೀರಿ ಯಾರಾದ್ರೂ ಕತ್ತರಸ್ತಾರೇನ?”

“ನನ್ನ ಲಗ್ನದ ಕೌದಿಗೆ ನಮ್ಮವ್ವ ನನ್ನ ಸಾಲಿ ಲಂಗ ಕತ್ತರಿಸಿದ್ಲು. ಏಳನೇ ಕ್ಲಾಸಿನಾಗ ಸಾಲಿಗೇ ಮೊದಲ ಬಂದಿದ್ನಿ. ಅವತ್ತ ಯಾರೂ ಅಯ್ಯ ಅನ್ನಲಿಲ್ಲ,” ಅಂದಳು ಅವ್ವ.

ಕತ್ತರಿ ಸೆರಗನ್ನು ಎರಡು ಮಾಡಿತು.

ಹೊಟ್ಟೆ ಮುಚ್ಚುವ ದಿನ ಬಂತು. ಒಳಗೆ ದೊಡ್ಡವ್ವ, ಅಂದರೆ ದೊಡ್ಡಪ್ಪನ ಹೆಂಡತಿ, ಹೋಳಿಗೆ ಮಾಡುತ್ತಿದ್ದಳು. ಕಟ್ಟೆಯ ತುಂಬ ಹೆಂಗಸರು. ಅಪ್ಪ ರಜೆ ಹಾಕಿ ಕಂಬಕ್ಕೆ ಒರಗಿ ಕೂತಿದ್ದ, ಪೇಪರ್ ಅಡ್ಡ ಹಿಡಿದು. ಅಷ್ಟರಲ್ಲಿ ದೊಡ್ಡಪ್ಪ ಹೊಲದಿಂದ ಹೊತ್ತಿಗೆ ಮುಂಚೆ ಬಂದುಬಿಟ್ಟ.

“ಏನ್ ನಡದೈತಿ ಇದು?”

ಗಿರಿಜವ್ವನೇ ಉತ್ತರ ಕೊಟ್ಟಳು. “ಸುಮಿ ಕೌದಿ ಹೊಟ್ಟಿ ಮುಚ್ಚೂದೈತ್ರಿ ಅಣ್ಣಾರ. ಧಾರವಾಡಕ್ಕ ಹೊಂಟಾಳಲ್ರಿ.”

“ಯಾರ್ ಹೇಳಿದ್ರು ಹೊಂಟಾಳಂತ? ಹುಡುಗಿ ಎಲ್ಲೂ ಹೋಗೂದಿಲ್ಲ. ಹನುಮಸಾಗರಕ್ಕ ನಾ ಮಾತ್ ಕೊಟ್ಟೇನಿ. ಹೆಣ್ಮಕ್ಕಳನ್ನ ಪರಊರಾಗ ಬಿಟ್ಟು ಓದಸೂ ಪದ್ಧತಿ ನಮ್ಮ ಮನಿತನದಾಗ ಇಲ್ಲ.”

ಪದ್ಧತಿ. ಆ ಮಾತು ಬಂತು ಅಂದರೆ ನಮ್ಮ ಮನೆಯಲ್ಲಿ ಮಾತು ಮುಗಿಯಿತು ಅಂತ. ನನ್ನ ಧಾರವಾಡ ಅಲ್ಲಿಗೆ ಮುಗಿದೇ ಹೋಯಿತು ಅಂದುಕೊಂಡೆ.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ಅವ್ವ ಅಲ್ಲಿಯವರೆಗೆ ದೊಡ್ಡಪ್ಪನ ಜೊತೆ ನೇರವಾಗಿ ಒಂದೇ ಒಂದು ಮಾತೂ ಆಡಿದವಳಲ್ಲ. ಭಾವನ ಜೊತೆ ಮಾತಾಡುವ ಹಾಗಿರಲಿಲ್ಲ. ಏನೇ ಇದ್ದರೂ ತಲೆ ಮೇಲೆ ಸೆರಗು ಎಳೆದುಕೊಂಡು ಇನ್ಯಾರಿಗೋ ಹೇಳಬೇಕು. “ಸುಮೀ, ಊಟಕ್ಕ ಆಗೇತಂತ ದೊಡ್ಡಪ್ಪಗ ಹೇಳು” ಅನ್ನುತ್ತಿದ್ದಳು. ದೊಡ್ಡಪ್ಪ ಅಲ್ಲೇ ತಂಬಿಗೆ ಹಿಡಿದು ನಿಂತಿರುತ್ತಿದ್ದ!

ಅವತ್ತೂ ಅವ್ವ ಸೆರಗು ಎಳೆದುಕೊಂಡಳು. ಹೋಳಿಗೆಯ ಚೂರನ್ನು ಕೌದಿಯ ನಡುವೆ ಇಟ್ಟಳು. ಮದುವೆ ಸೀರೆಯ ತುಂಡು ಮುಚ್ಚಿದಳು. ಸರಸರನೆ ಹೊಲಿದು ಹಲ್ಲಿನಿಂದ ದಾರ ಕಡಿದಳು. ಆಮೇಲೆ ಬಾಯಿ ಬಿಟ್ಟಳು.

“ಗಿರಿಜವ್ವಾ, ಭಾವಾರಿಗೆ ಹೇಳು. ಹೊಟ್ಟಿ ಮುಚ್ಚಿ ಆತು. ಇನ್ನ ಹುಡುಗಿನ್ನ ತಡಿಯಾಕ ಬರೂದಿಲ್ಲ.”

“ಯಾಕ ಬರೂದಿಲ್ಲ?” ದೊಡ್ಡಪ್ಪ.

“ಶಾಸ್ತ್ರ ಐತಂತ ಹೇಳು. ಯಾರ ಹೆಸರಲೆ ಹೊಟ್ಟಿ ಮುಚ್ಚಿರ್ತಾರೋ ಆಕಿ ಆ ಕೌದಿ ತೊಗೊಂಡು ಹೊಸ್ತಿಲ ದಾಟಾಕ ಬೇಕು. ತಡದ ಮನಿಗೆ ಛಲೋ ಆಗೂದಿಲ್ಲ.”

“ಎಲ್ಲೈತಿ ಈ ಶಾಸ್ತ್ರ? ನಾ ಹುಟ್ಟಿದಾಗಿಂದ ಕೇಳಿಲ್ಲ!”

“ಹೆಂಗಸರ ಶಾಸ್ತ್ರ ಅವರ ಕಿವಿಗೆ ಹೆಂಗ ಬೀಳಬೇಕು, ಗಿರಿಜವ್ವಾ? ಎಂದಾದ್ರೂ ಸೂಜಿ ಹಿಡಿದು ಕೂತಾರೇನ ಅಂತ ಕೇಳು.”

ದೊಡ್ಡಪ್ಪ ಗಿರಿಜವ್ವನ ಕಡೆ ತಿರುಗಿದ. ಜಾಣ. ಕೌದಿಯ ವಿಷಯದಲ್ಲಿ ಆಕೆಯೇ ಸುಪ್ರೀಂ ಕೋರ್ಟು ಅಂತ ಆತನಿಗೂ ಗೊತ್ತಿತ್ತು.

“ನೀ ಹೇಳವಾ. ಖರೇನ ಇದು?”

ನಾನು ಕಣ್ಣು ಮುಚ್ಚಿಕೊಂಡೆ. ಇಷ್ಟು ದಿನ ನನ್ನನ್ನು ಆಡಿಕೊಂಡ ಬಾಯಿ ಅದು. ಇನ್ನೊಂದು ಮಾತು ಅಂದರೆ ಸಾಕು, ನಾನು ಹನುಮಸಾಗರದ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುತ್ತಿರುತ್ತೇನೆ.

ಗಿರಿಜವ್ವ ಅವ್ವನ ಕೈ ನೋಡಿದಳು. ಆ ಕೈ ಇನ್ನೂ ಮದುವೆ ಸೀರೆಯ ತುಂಡಿನ ಮೇಲಿತ್ತು. ಆಕೆ ಎದ್ದು ಹೋಗಿ ಕಟ್ಟೆಯಾಚೆ ಎಲೆಯಡಿಕೆ ಉಗುಳಿ ಬಂದಳು.

“ಖರೇರಿ ಅಣ್ಣಾರ. ಇಷ್ಟ ದೊಡ್ಡ ಮನಿತನದವರು, ನಿಮಗ ಇಷ್ಟೂ ಗೊತ್ತಿಲ್ಲೇನ್ರಿ?”

ಅಷ್ಟೇ. ಕಟ್ಟೆಗೆ ಕಟ್ಟೆಯೇ ಎದ್ದಿತು.

“ಹೌದ್ರಿ, ನಮ್ಮಜ್ಜಿನೂ ಹೇಳ್ತಿದ್ಲು.”

“ಕುಷ್ಟಗಿ ಕಡೆ ಯಾರೋ ತಡದ್ರಂತ್ರಿ. ಕುಂತ ಎತ್ತು ಏಳಲೇ ಇಲ್ಲಂತ!”

(ಎತ್ತಿನ ಮಾತು ತೆಗೆದವಳಿಗೆ ನನ್ನ ಸಾಷ್ಟಾಂಗ. ದೊಡ್ಡಪ್ಪನ ಜೀವ ಎಲ್ಲಿದೆ ಅಂತ ಆಕೆಗೆ ಚೆನ್ನಾಗಿ ಗೊತ್ತಿತ್ತು.)

ಆಗ ಬಾಗಿಲಲ್ಲಿ ದೊಡ್ಡವ್ವ ಕಾಣಿಸಿಕೊಂಡಳು. ಕೈಗೆಲ್ಲ ಕಣಕದ ಹಿಟ್ಟು. ಗಂಡನ ಮಾತಿಗೆ ಎಂದೂ ಎದುರಾಡದ ಹೆಂಗಸು. ಮೆಲ್ಲಗೆ ಅಂದಳು:

“ನಮ್ಮ ತವರಾಗೂ ಐತ್ರಿ ಇದು.”

ದೊಡ್ಡಪ್ಪ ಕೊನೆಯ ಆಸರೆಗೆಂದು ತಮ್ಮನ ಕಡೆ ನೋಡಿದ. ಅಪ್ಪ ಪೇಪರ್ ಮಡಚಿದ. ಆಯುಷ್ಯದಲ್ಲಿ ಮೊದಲ ಸಲ ಮನೆಯ ವಿಷಯಕ್ಕೆ ಷರಾ ಬರೆದ.

“ಪದ್ಧತಿ ಮೀರಬಾರದಲ್ಲ, ಅಣ್ಣ?”

ದೊಡ್ಡಪ್ಪ ನಂಬಿದನಾ? ನನಗೆ ಹಾಗನಿಸುವುದಿಲ್ಲ. ಆತ ದಡ್ಡನಲ್ಲ. ಆದರೆ ಜೀವನವಿಡೀ ಪದ್ಧತಿ ಪದ್ಧತಿ ಅಂತ ಎಲ್ಲರನ್ನೂ ಕೂರಿಸಿದವನು, ಈಗ ಪದ್ಧತಿಗೆ ಮರ್ಯಾದೆ ಇಲ್ಲ ಅಂತ ಹೇಗೆ ಹೇಳುತ್ತಾನೆ? ಓಣಿಯ ಅಷ್ಟೂ ಹೆಂಗಸರನ್ನು, ಜೊತೆಗೆ ಹೆಂಡತಿಯ ತವರನ್ನು, ಸುಳ್ಳು ಅನ್ನುತ್ತಾನಾ? ರಾತ್ರಿ ಊಟ ಬೇಡವಾ?

ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದ. ಹೋಳಿಗೆ ಮಾತ್ರ ಕೇಳಿ ಹಾಕಿಸಿಕೊಂಡು ತಿಂದ.

ಹನುಮಸಾಗರಕ್ಕೆ ಅವ್ವನೇ ಹೋಗಿ ತಮ್ಮನಿಗೆ ಹೇಳಿ ಬಂದಳು. ಅಲ್ಲಿ ಏನು ಮಾತಾಯಿತು ಅಂತ ನನಗೆ ಇಂದಿಗೂ ಗೊತ್ತಿಲ್ಲ. ಮಾವ ಬಹಳ ದಿನ ನಮ್ಮ ಮನೆಗೆ ಬರಲಿಲ್ಲ. ಅವ್ವನೂ ಬಹಳ ದಿನ ತವರಿಗೆ ಹೋಗಲಿಲ್ಲ. ನನ್ನ ಡಿಗ್ರಿಗೆ ಅವ್ವ ಕೊಟ್ಟ ಫೀ ಅದು.

ಹೊರಡುವ ದಿನ ಟ್ರಂಕಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಮೇಲೆ ಕೌದಿ, ಹಗ್ಗ ಬಿಗಿದು. ಬಸ್ಸಿಗೆ ಗಿರಿಜವ್ವನೂ ಬಂದಳು. ಕಿಟಕಿಯಲ್ಲಿ ಕೈ ಹಾಕಿ ನನ್ನ ಕಿವಿ ಹಿಂಡಿದಳು.

“ನಿನ್ನ ಸಲುವಾಗಿ ಈ ವಯಸ್ಸಿನಾಗ ಸುಳ್ಳ ಹೇಳೇನಿ. ಪಾಸಾದ್ರ ನನ್ನ ಪಾಪ ಹೋಗ್ತೈತಿ. ಫೇಲಾದಿ ಅಂದ್ರ ದಬ್ಬಣ ತೊಗೊಂಡು ಧಾರವಾಡಕ್ಕ ಬರ್ತೀನಿ, ನೋಡು!”

ಗದಗಿನಲ್ಲಿ ಬಸ್ಸು ಬದಲಿಸಿ ಧಾರವಾಡ ಮುಟ್ಟಿದೆ. ಹಾಸ್ಟೆಲ್ಲಿನಲ್ಲಿ ಒಂದೇ ವಾರದಲ್ಲಿ ಕೌದಿಗೆ ಇರುವೆ ಮುತ್ತಿತು. ಹೊಟ್ಟೆಯಲ್ಲಿ ಹೋಳಿಗೆ ಇತ್ತಲ್ಲ! ಪೇಟೆಯ ಹುಡುಗಿಯರು ಬಿದ್ದು ಬಿದ್ದು ನಕ್ಕರು. “ಬಿಚ್ಚಿ ತೆಗೆದುಬಿಡೇ” ಅಂದರು. ನಾನು ಬಿಚ್ಚಲಿಲ್ಲ. ಬಿಸಿಲಿಗೆ ಹಾಕಿದೆ, ಝಾಡಿಸಿದೆ, ಹೊದ್ದುಕೊಂಡೆ. ಕಚ್ಚಿಸಿಕೊಂಡೇ ಫಸ್ಟ್ ಇಯರ್ ಮುಗಿಸಿದೆ.

ಮುಂದಿನ ವರ್ಷ ಪಕ್ಕದ ಓಣಿಯಲ್ಲಿ ಒಂದು ಕೌದಿ ಕಟ್ಟೆಗೆ ಬಂತು. ಆಮೇಲೆ ಕುಕನೂರಿನಲ್ಲಿ ಒಂದು ಅಂತ ಕೇಳಿದೆವು. ಇನ್ನೂ ಕೆಲವು ವರ್ಷಕ್ಕೆ ದೊಡ್ಡವ್ವ ತಾನೇ ಹಳೆ ಸೀರೆ ಹರವಿಕೊಂಡು ಕಟ್ಟೆಗೆ ಕೂತಳು, ತನ್ನ ಕೊನೆಯ ಮಗಳಿಗಾಗಿ. ದೊಡ್ಡಪ್ಪ ಹೊಲದಿಂದ ಬಂದ. ನಿಂತು ನೋಡಿದ. “ಹೋಳಿಗಿ ಯಾವತ್ತ?” ಅಂತ ಮಾತ್ರ ಕೇಳಿದ.

ಈಗ ಅದು ಭಾಗ್ಯನಗರ ಮುಟ್ಟಿ “ಪುರಾತನ” ಆಗಿದೆ. ಆಗಲಿ ಬಿಡಿ. ಹೆಣ್ಣುಮಗಳು ಪರಊರಲ್ಲಿ ಓದಬಾರದು ಅನ್ನುವುದನ್ನೂ ಯಾವನೋ ಒಬ್ಬ ಯಾವುದೋ ಕಟ್ಟೆಯ ಮೇಲೆ ಕೂತು, ಎಲೆಯಡಿಕೆ ಹಾಕಿಕೊಂಡೇ ಹೇಳಿದ್ದಲ್ಲವಾ? ಅದಕ್ಕೆ ಯಾರಾದರೂ ಆಧಾರ ಕೇಳಿದ್ದರಾ?

ಆ ಮಹಾಶಯರು ಇನ್ನೂ ಬಿಟ್ಟಿಲ್ಲ. ನಿನ್ನೆ ಮತ್ತೆ ಬರೆದಿದ್ದರು: “ಯಾವ ಗ್ರಂಥ? ಎಷ್ಟನೇ ಪುಟ?”

ಉತ್ತರ ಹಾಕಿದ್ದೇನೆ. ಸ್ವಾಮಿ, ಹುಡುಗಿಯರನ್ನು ಮನೆಯಲ್ಲೇ ಇಟ್ಟುಕೊಳ್ಳಿ ಅಂತ ಬರೆದಿರುವ ಗ್ರಂಥ ನಿಮ್ಮ ಹತ್ತಿರ ಇದೆಯಲ್ಲ, ಅದರದೇ ಮುಂದಿನ ಪುಟ.