ಸಿದ್ರಾಮಪ್ಪನವರ ಉಯಿಲು

ಕೂಕಟ್‌ಪಲ್ಲಿಯ ಸಿದ್ರಾಮಪ್ಪನವರು ವರ್ಷಕ್ಕೊಮ್ಮೆ ಉಯಿಲು ತಿದ್ದಿಸಲು ಬಂದರೆಂದರೆ ವಕೀಲೆ ಹರ್ಷದಾ ಬೇರೆ ಕೆಲಸವನ್ನೆಲ್ಲ ಬದಿಗಿಡಬೇಕು. ರಕ್ಷಣಾ ಕಾರ್ಖಾನೆಯ ನಿವೃತ್ತ ಫೋರ್‌ಮನ್ ಅವರು. ಟೇಪು ಹಿಡಿದು ಇಡೀ ಮನೆ ಅಳೆದುಕೊಂಡೇ ಬಂದಿರುತ್ತಾರೆ. ಮಹಡಿ ಮಗಳಿಗೆ, ಕೆಳಮನೆ ಮಗನಿಗೆ, ಮೆಟ್ಟಿಲು ಇಬ್ಬರಿಗೂ, ಮೆಟ್ಟಿಲ ಕೆಳಗಿನ ಮೂಲೆ ಬೆಕ್ಕಿಗೆ. “ಬರ್ಕೋರಿ ಮೇಡಂ, ಮೋಟರ್ ಸ್ವಿಚ್ ಒಮ್ಮೆ ಒತ್ತಿದ್ರ ಹತ್ತಂಗಿಲ್ಲ, ಎರಡ್ ಸಲ ಒತ್ತಬೇಕು!” ಈ ಮನುಷ್ಯ ಏನನ್ನೂ ಮರೆಯುವುದಿಲ್ಲವಲ್ಲ ಎಂದು ಹರ್ಷದಾ ಬೆರಗಾಗಿ ಬರೆದುಕೊಳ್ಳುತ್ತಾಳೆ. ಈ ಸಲ ಕೊನೆಗೆ ಇನ್ನೊಂದು ಷರತ್ತು ಹೇಳಿದರು: ನಮ್ಮ ಬೋರಿನ ನೀರನ್ನು ಪಕ್ಕದ ಮನೆಗೂ ಬಿಡತಕ್ಕದ್ದು. ಹರ್ಷದಾಳ ಪೆನ್ನು ನಿಂತಿತು. ಕಾಂಪೌಂಡ್ ಗೋಡೆಯ ಜಗಳದಿಂದ ಆ ಮನೆಯವರೊಡನೆ ಅವರು ಮಾತು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. “ಜಗಳ ನಂದ ಐತ್ರಿ,” ಎಂದರು ಮುದುಕರು, “ಅದನ್ನ ಮಕ್ಕಳ ಹೆಸರಿಗೆ ಬರೀಬ್ಯಾಡ್ರಿ.”