ಮಂಡಿಗೊಂದು, ಸೊಂಟಕ್ಕೊಂದು

ನಮ್ಮ ಭಾವ ಟೈಲ್ಸ್ ಮೇಸ್ತ್ರಿ. ಯಾರ ಮನೆಗೆ ಹೋದರೂ ಮೊದಲು ನೆಲ ನೋಡಿ, “ಮೂಲೇಲಿ ಒಂದು ನೂಲು ಏರಿದೆ” ಎಂದು ತೀರ್ಪು ಕೊಟ್ಟು, ಆಮೇಲೆ ಮನೆಯವರ ಕ್ಷೇಮ ವಿಚಾರಿಸುವವರು. ನೆಲದ ಏರುತಗ್ಗು ಅಳೆಯುವ ಸಲಕರಣೆಯ ಹೆಸರನ್ನೇ ಜೊತೆಗಾರರು ಅವರಿಗೆ ಇಟ್ಟಿದ್ದರು: ‘ರಸಮಟ್ಟ’. ಇಪ್ಪತ್ತೆಂಟು ವರ್ಷ ಕಂಡವರ ನೆಲದ ಮೇಲೆ ಮಂಡಿಯೂರಿದರು. ದೇವರ ಮುಂದೆಯೂ ಯಾರೂ ಅಷ್ಟು ಊರಿರಲಾರರು.

ಮಂಡಿ ಊದಿದಾಗ ಔಷಧಿ ಅಂಗಡಿಯವನು ಒಂದು ಮಾತ್ರೆ ಕೊಟ್ಟ. ಮಧ್ಯಾಹ್ನದೊಳಗೆ ನೋವು ಮಾಯ. ಸೊಂಟ ಹಿಡಿದಾಗ ಇನ್ನೊಂದು ಬಣ್ಣದ್ದು ಕೊಟ್ಟ. ಅಂದಿನಿಂದ ಭಾವ ಅರ್ಧ ಡಾಕ್ಟರು. ಜೊತೆಗಾರರ ಹಲ್ಲುನೋವು, ಕತ್ತುನೋವು ಎಲ್ಲ ಅವರ ಅಂಗಿ ಜೇಬಿಗೇ ಬರುತ್ತಿದ್ದವು.

“ಗುಲಾಬಿದು ಮಂಡಿಗೆ, ಹಳದಿದು ಸೊಂಟಕ್ಕೆ. ಅದಲು ಬದಲು ಮಾಡಿದ್ರೆ ಕೆಲಸ ಮಾಡಲ್ಲ” ಎನ್ನುತ್ತಿದ್ದರು.

“ಹೊಟ್ಟೆ ಉರಿ ಅಂತೀರಲ್ಲ, ಡಾಕ್ಟ್ರಿಗೆ ತೋರಿಸ್ರೀ” ಎಂದಳು ಅಕ್ಕ.

“ಅದು ನಿನ್ನ ಕೈ ಖಾರ ಕಣೇ.”

ಒಂದು ಬೆಳಿಗ್ಗೆ, ಯಾರದೋ ಬಚ್ಚಲಿಗೆ ಅರ್ಧ ನೆಲ ಹಾಕಿದವರು ಕಪ್ಪಗೆ ವಾಂತಿ ಮಾಡಿ ಅಲ್ಲೇ ಕುಸಿದರು. ಆಸ್ಪತ್ರೆಯಿಂದಲೇ ಕಂಟ್ರಾಕ್ಟರನಿಗೆ ಫೋನು: “ಬೇರೆಯವರ ಕೈಗೆ ಕೊಡಬೇಡ. ಬಂದೇ ಬರ್ತೀನಿ.”

ಡಾಕ್ಟರಮ್ಮ ಎರಡೂ ಮಾತ್ರೆಪಟ್ಟಿ ತಿರುಗಿಸಿ ಓದಿದರು. “ಹೆಸರು ಎರಡು, ಔಷಧಿ ಒಂದೇ. ಎಷ್ಟು ವರ್ಷದಿಂದ ಡಬಲ್ ನುಂಗ್ತಿದೀರಿ?”

“ಒಂಬತ್ತು.”

“ಪೆಟ್ಟಾದ ಕಡೆ ಊತ, ನೋವು ತರೋ ಕೆಮಿಕಲ್ಲನ್ನ ಮೈಯೇ ಮಾಡ್ಕೊಳ್ಳುತ್ತೆ. ಅಂಥದೇ ಹೊಟ್ಟೆ ಒಳಗೋಡೆ ಕಾಯುತ್ತೆ, ಕಿಡ್ನಿಗೆ ರಕ್ತ ಸರಿಯಾಗಿ ಹೋಗೋ ಹಾಗೆ ನೋಡ್ಕೊಳ್ಳುತ್ತೆ. ಈ ಮಾತ್ರೆ ಅದನ್ನ ಎಲ್ಲೂ ಹುಟ್ಟೋಕೇ ಬಿಡಲ್ಲ. ಮಂಡಿ ಯಾವುದು, ಹೊಟ್ಟೆ ಯಾವುದು ಅಂತ ಅದಕ್ಕೇನು ಗೊತ್ತು?”

ಭಾವ ಯೋಚಿಸಿದರು. “ಹಳದಿದಕ್ಕೆ ಗೊತ್ತಿರುತ್ತೆ ಮೇಡಂ.”

ಡಾಕ್ಟರಮ್ಮ ನಗಲಿಲ್ಲ.

ಹೊಟ್ಟೆಯ ಹುಣ್ಣು ಮಾಯಿತು. ಕಿಡ್ನಿ ಹೋದದ್ದು ಹೋಯಿತು. ಉಳಿದಷ್ಟನ್ನು ಉಳಿಸಿಕೊಳ್ಳಬೇಕಾದರೆ ಆ ಜಾತಿಯ ಮಾತ್ರೆ ಇನ್ನು ಮುಟ್ಟುವಂತಿಲ್ಲ. ಕೊಡಬಹುದಾದ ಸಾಧು ಮಾತ್ರೆಗಳಿಗೆ ಅವರ ನೋವು ಕ್ಯಾರೇ ಅನ್ನುವುದಿಲ್ಲ. ಒಂಬತ್ತು ವರ್ಷ ಬಾಯಿ ಮುಚ್ಚಿಸಿಕೊಂಡಿದ್ದ ಮಂಡಿ ಈಗ ಹಗಲೂ ರಾತ್ರಿ ಮಾತಾಡುತ್ತದೆ.

ಮೊನ್ನೆ ಭಾನುವಾರ ಕರೆಸಿಕೊಂಡರು. “ಬಾರೋ, ಕೆಲಸಕ್ಕೆ ಹೋಗಬಹುದಾ ನೋಡೇಬಿಡೋಣ.”

ಕುರ್ಚಿ ಹಿಡಿದು, ಹಲ್ಲು ಕಚ್ಚಿ, ಇಂಚಿಂಚೇ ಇಳಿದು ಮಂಡಿ ಊರಿದರು. “ನೋಡೇ!” ಎಂದರು ಅಕ್ಕನಿಗೆ. ಮುಖ ಬೆವರಿತ್ತು. ಏಳಲು ನೆಲಕ್ಕೆ ಕೈಯೂರಿದರು. ಆಗಲಿಲ್ಲ. ಇನ್ನೊಮ್ಮೆ. ಅಕ್ಕ ಒಂದು ರಟ್ಟೆ ಹಿಡಿದಳು, ನಾನೊಂದು.

“ಬಿಡ್ರೋ, ಸ್ವಲ್ಪ ಹೊತ್ತು ಇಲ್ಲೇ ಇರ್ತೀನಿ.”

ನಾವೂ ಪಕ್ಕದಲ್ಲೇ ನೆಲಕ್ಕೆ ಕೂತೆವು. ಭಾವ ಟೈಲ್ಸಿನ ಸಂದಿಯ ಮೇಲೆ ಬೆರಳಾಡಿಸುತ್ತಾ ಹೇಳಿದರು:

“ಕಂಟ್ರಾಕ್ಟರಿಗೆ ಫೋನ್ ಮಾಡು. ಆ ಬಚ್ಚಲು ಬೇರೆ ಯಾರಿಗಾದ್ರೂ ಕೊಟ್ಟುಬಿಡಲಿ.”